ತುರ್ತು: ‘ನಿರ್ಣಾಯಕ ಖನಿಜ’ಕ್ಕೆ ಬೇರೆ ಪದ ಇದೆಯಾ?

ಬಳ್ಳಾರಿಯಿಂದ:
ಗೆಳೆಯರೇ, ನಾಳೆ ಬೆಳಿಗ್ಗೆ ಫಲಕ ಅಚ್ಚಿಗೆ ಹೋಗಬೇಕು. ಹೊಸ ಬಗೆಯ ಸೋಲಾರ್ ಪ್ಯಾನೆಲ್‌ಗೆ ಬೇಕಾದ ಖನಿಜಗಳ ಬಗ್ಗೆ ಕಾಲೇಜಿನಲ್ಲಿ ಪ್ರದರ್ಶನ. ಕೇಂದ್ರ ಸರ್ಕಾರ 2023ರಲ್ಲಿ 30 ಖನಿಜಗಳ ಪಟ್ಟಿ ಮಾಡಿತಲ್ಲ, ಇಂಗ್ಲಿಷಿನಲ್ಲಿ ‘ಕ್ರಿಟಿಕಲ್ ಮಿನರಲ್ಸ್’, ಪೇಪರ್‌ನವರು ಅವಕ್ಕೆ ‘ನಿರ್ಣಾಯಕ ಖನಿಜ’ ಅನ್ನುತ್ತಾರೆ. ನನಗೆ ಕ್ರಿಕೆಟ್ಟಿನ ನಿರ್ಣಾಯಕ ಪಂದ್ಯವೇ ನೆನಪಾಗುತ್ತದೆ. ‘ವಿರಳ ಖನಿಜ’ ಅಂತ ಹಾಕಲೇ? ಇನ್ನೊಂದು: ತಾಮ್ರ ಶುದ್ಧಿ ಮಾಡುವಾಗ ತೊಟ್ಟಿಯ ತಳದಲ್ಲಿ ಕೂರುವ ಕೆಸರಿನಿಂದ ಟೆಲ್ಲೂರಿಯಮ್ ಎಂಬ ಮೂಲಧಾತು ತೆಗೆಯುತ್ತಾರೆ. ಆ ಕೆಸರಿಗೆ ಏನನ್ನಲಿ?

ಮೈಸೂರಿನಿಂದ:
‘ವಿರಳ’ ಬೇಡವೇ ಬೇಡ. ಅದೇ ಪಟ್ಟಿಯಲ್ಲಿ ಸಿಲಿಕಾನ್ ಇದೆ. ಅದು ವಿರಳವಾದರೆ ಮರಳೂ ವಿರಳ. (ಮನೆ ಕಟ್ಟುವವರು ಹೌದು ಅನ್ನಬಹುದು, ಅದು ಬೇರೆ ಗೋಳು.) ಸರಕು ಯಾರ ಕೈಯಲ್ಲಿದೆ ಅನ್ನೋದು ಇಲ್ಲಿ ಮುಖ್ಯ. 2025ರ ಫೆಬ್ರವರಿಯಲ್ಲಿ ಚೀನಾ ಟೆಲ್ಲೂರಿಯಮ್, ಇಂಡಿಯಮ್ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಚೆನ್ನೈ ಹತ್ತಿರ ಫಸ್ಟ್ ಸೋಲಾರ್ ಕಂಪನಿ ಮಾಡುವ ಪ್ಯಾನೆಲ್‌ಗೆ ಟೆಲ್ಲೂರಿಯಮ್ ಸೇರಿದ ಕ್ಯಾಡ್ಮಿಯಮ್ ಟೆಲ್ಲೂರೈಡ್ ಪದರವೇ ಜೀವಾಳ. ‘ಆಯಕಟ್ಟಿನ ಖನಿಜ’ ಅನ್ನಿ.

ಧಾರವಾಡದಿಂದ:
‘ಆಯಕಟ್ಟು’ ಬೇರೆ ಕೆಲಸಕ್ಕೆ ಬೇಕು. 2023ರ ಗಣಿ ಕಾಯ್ದೆ ತಿದ್ದುಪಡಿಯಲ್ಲಿ 24 ಖನಿಜಗಳನ್ನು ‘ನಿರ್ಣಾಯಕ ಮತ್ತು ಆಯಕಟ್ಟಿನ’ ಅಂತ ಎರಡು ಗುಣ ಜೋಡಿಸಿಯೇ ಹೇಳಬೇಕು. ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಿದರೆ ಮುಂದಿನ ಅನುವಾದಕ ಏನು ಮಾಡಬೇಕು? ಮೇಲಾಗಿ ನಿಮ್ಮೂರಿನ ತೆಲುಗು ಬಲ್ಲವರು ಆಯಕಟ್ಟು ಅಂದರೆ ಕಾಲುವೆ ನೀರುಣ್ಣುವ ಹೊಲ ಅಂದುಕೊಳ್ಳುತ್ತಾರೆ. ಕೆಸರಿಗೆ ‘ಗಸಿ’. ಎಣ್ಣೆಯ ತಳದಲ್ಲಿ ನಿಲ್ಲುವುದೂ ಗಸಿಯೇ ಅಲ್ವಾ?

ಬೆಂಗಳೂರಿನಿಂದ:
‘ಖನಿಜ’ವೇ ಯಾಕೆ? ಖನಿಯಲ್ಲಿ ಹುಟ್ಟಿದ್ದು, ಪಕ್ಕಾ ಸಂಸ್ಕೃತ. ‘ಅದಿರು’ ಇದೆಯಲ್ಲ. ‘ಬೇಕೇಬೇಕಾದ ಅದಿರು’ ಅನ್ನಿ. ಟೆಲ್ಲೂರಿಯಮ್‌ಗೂ ಹೆಸರಿಡಬಹುದು. ಲ್ಯಾಟಿನ್ನಿನ ಟೆಲ್ಲುಸ್ ಅಂದರೆ ನೆಲ, ನೋಡಲು ಬೆಳ್ಳಿಯ ಬಣ್ಣ. ‘ನೆಲಬೆಳ್ಳಿ’.

ಧಾರವಾಡದಿಂದ:
ಆಗುವುದಿಲ್ಲ. ಟೆಲ್ಲೂರಿಯಮ್ ಬಹುಪಾಲು ತಾಮ್ರದ ಬೆನ್ನು ಹತ್ತಿ ಬರುತ್ತದೆ. ಅದರ ಬೆಲೆ ಏರಿತು ಅಂತ ಯಾರೂ ತಾಮ್ರದ ಗಣಿಗೆ ದುಡ್ಡು ಹಾಕುವುದಿಲ್ಲ, ತಾಮ್ರದ ಬೆಲೆ ನೋಡಿ ಹಾಕುತ್ತಾರೆ. ಗಣಿ ಕಂಪನಿ ರಿಯೊ ಟಿಂಟೊ 2022ರಲ್ಲಿ ಅಮೆರಿಕದ ಯೂಟಾದಲ್ಲಿ ಟೆಲ್ಲೂರಿಯಮ್ ತೆಗೆಯಲು ಶುರು ಮಾಡಿದ್ದೂ ತನ್ನ ಹಳೆಯ ತಾಮ್ರದ ಕಾರ್ಖಾನೆಯಲ್ಲೇ. ಗಸಿಯಿಂದ ಬಂದದ್ದನ್ನು ಅದಿರು ಅಂದರೆ ಓದುವವರು ಅದರ ಗಣಿ ಎಲ್ಲಿ ಅಂತ ಕೇಳುತ್ತಾರೆ. ಇನ್ನು ಹೊಸ ಬಗೆಯ ಪ್ಯಾನೆಲ್‌ಗೆ ಬಳಸುವ ಇನ್ನೊಂದು ವಸ್ತು ಪೆರೋವ್‌ಸ್ಕೈಟ್, ಅದು ರಷ್ಯದ ಪೆರೋವ್‌ಸ್ಕಿ ಎಂಬಾತನ ಹೆಸರು. ಅವನನ್ನೂ ಕನ್ನಡಿಸುತ್ತೀರಾ?

ಬೆಂಗಳೂರಿನಿಂದ:
ನಿಮ್ಮಂಥವರಿಂದಲೇ ಕನ್ನಡ ಬರೀ ವಿಭಕ್ತಿ ಪ್ರತ್ಯಯಗಳ ಭಾಷೆ ಆಗಿರೋದು.

ಮೈಸೂರಿನಿಂದ:
‘ಪಕ್ಕಾ’ ಎಲ್ಲಿಂದ ಬಂತು ಸ್ವಾಮಿ? ಕಾಯ್ದೆ, ಕಾರ್ಖಾನೆ ಬಂದಾಗ ಯಾರ ನಿದ್ದೆಯೂ ಕೆಡಲಿಲ್ಲ.

ಬಳ್ಳಾರಿಯಿಂದ:
ಫಲಕ ಕಳಿಸಿದೆ. ‘ನಿರ್ಣಾಯಕ ಖನಿಜ’ ಉಳಿಸಿ, ಕೆಳಗೆ ಸಣ್ಣಕ್ಷರದಲ್ಲಿ ‘ಸಿಗದಿದ್ದರೆ ಕೆಲಸ ನಿಲ್ಲುವಂಥವು’ ಅಂತ ಸೇರಿಸಿದೆ. ‘ಗಸಿ’ಯೂ ಹೋಯಿತು. ಒಂದು ಸಣ್ಣ ಅನುಮಾನ: ‘ಉಪ ಉತ್ಪನ್ನ’ ಬಿಡಿಸಿ ಬರೆಯಬಹುದಾ?

ಧಾರವಾಡದಿಂದ:
ಉಪೋತ್ಪನ್ನ. ಗುಣಸಂಧಿ.

ಬೆಂಗಳೂರಿನಿಂದ:
ಅದೂ ಸಂಸ್ಕೃತ ಸಂಧಿಯೇ!