ನೂರರಷ್ಟು ಫಸಲು ಕೊಡುವ ಬೀಜ

"ಐದು ಸಾವಿರ ಬಿತ್ತಿದೆ," ಎನ್ನುತ್ತಾ ವಿಲ್ಲಿ ಲಾಜರ ಮಾಮನ ಟೈಲರ್ ಅಂಗಡಿಯ ಬೆಂಚಿನ ಮೇಲೆ ಕೂತ.

ಶೀನಣ್ಣ ಪೇಪರಿನಿಂದ ತಲೆ ಎತ್ತಿದರು. "ಎಲ್ಲಿ ಮಾರಾಯ? ಯಾವ ತಳಿ?"

"ಭತ್ತ ಅಲ್ಲ ಶೀನಣ್ಣ. ನಂಬಿಕೆಯ ಬೀಜ. ಟಿವಿಯಲ್ಲಿ ಬರುವ ಬ್ರದರ್ ಹೇಳಿದ್ದು. 5,000 ಕಳಿಸಿದರೆ ದೇವರು ನೂರರಷ್ಟು ವಾಪಸ್ ಕೊಡುತ್ತಾನೆ. 90 ದಿನದಲ್ಲಿ ಐದು ಲಕ್ಷ."

"90 ದಿನ ಅಂದರೆ ಬೇಗ ಬರುವ ತಳಿ. ಗೊಬ್ಬರ ಎಂತ ಹಾಕಬೇಕು?"

"ದಿನಾ ಬೆಳಿಗ್ಗೆ ಅವರ ವಿಡಿಯೋ ಕೆಳಗೆ ಆಮೆನ್ ಅಂತ ಬರೆಯಬೇಕು."

ಶೀನಣ್ಣ ಲೆಕ್ಕ ಹಾಕಿದರು. "ನೂರರಷ್ಟು ದೊಡ್ಡ ವಿಷಯ ಅಲ್ಲ ವಿಲ್ಲಿ. ಒಂದು ಭತ್ತದ ಕಾಳು ಬಿತ್ತಿದರೆ ನೂರಕ್ಕಿಂತ ಜಾಸ್ತಿ ಕಾಳು ಬರುತ್ತದೆ. ಆದರೂ ನನಗೆ ಸೊಸೈಟಿಯಲ್ಲಿ ಸಾಲ ಇದೆ."

ಲಾಜರ ಮಾಮ ಮೆಷಿನ್ ನಿಲ್ಲಿಸಿದರು. ಅವರು ಮೆಷಿನ್ ನಿಲ್ಲಿಸಿದರು ಅಂದರೆ ಯಾರಿಗೋ ಗ್ರಹಚಾರ.

"ವಿಲ್ಲಿ, ಒಂದು ಸಣ್ಣ ಸಂಶಯ. ನೂರರಷ್ಟು ಬರುವುದು ಖಾತ್ರಿಯಾ?"

"ನೂರಕ್ಕೆ ನೂರು ಖಾತ್ರಿ. ದೇವರ ವಾಕ್ಯ."

"ಹಾಗಾದರೆ ಬ್ರದರ್ ಯಾಕೆ ಬಿತ್ತುವುದಿಲ್ಲ? ನಿನ್ನ ಹತ್ತಿರ ಯಾಕೆ ಕೇಳುತ್ತಾರೆ? ಅವರೇ ನನಗೆ 5,000 ಕಳಿಸಲಿ. ಅವರಿಗೆ ಐದು ಲಕ್ಷ ಆಯಿತು, ನನಗೆ ಮೆಷಿನ್‌ಗೆ ಹೊಸ ಮೋಟರ್ ಆಯಿತು. ಇಬ್ಬರಿಗೂ ಒಳ್ಳೆಯದೇ ಅಲ್ವಾ?"

ವಿಲ್ಲಿ ಬಾಯಿ ತೆರೆದು ಮುಚ್ಚಿದ. "ಅದು ಹಾಗಲ್ಲ ಮಾಮ. ಬೀಜ ಒಳ್ಳೆಯ ನೆಲಕ್ಕೆ ಬೀಳಬೇಕು. ಅವರ ಸೇವೆ ಒಳ್ಳೆಯ ನೆಲ."

"ನಾನು ಎಂತ, ಕಲ್ಲು ನೆಲವಾ? ಮೂವತ್ತೈದು ವರ್ಷದಿಂದ ಭಾನುವಾರದ ಪೂಜೆ ತಪ್ಪಿಸಿಲ್ಲ. ಜೂಲಿ, ಒಂದು ಕಾಗದ ತಾ. ಬರೆಯುವ."

ಜೂಲಿಬಾಯಿ ಒಳಗಿನಿಂದಲೇ ಹೇಳಿದರು, "ಬ್ಯಾಂಕ್ ಖಾತೆ ನಂಬರ್ ನನ್ನದು ಹಾಕಿ. ನಿಮ್ಮದರಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಬಂದದ್ದೆಲ್ಲ ಕಟ್ ಆಗುತ್ತದೆ."

ಅಲ್ಲೇ ಕೂತಿದ್ದ ಬೆಂಜಮಿನ್ ಮಾಸ್ತರಿಗೆ ಡಿಕ್ಟೇಶನ್ ಅಂದರೆ ಪ್ರಾಣ. ಪೆನ್ನು ತೆಗೆದೇಬಿಟ್ಟರು. 'ಪ್ರೀತಿಯ ಬ್ರದರ್ ಅವರಿಗೆ, ತಾವು ಬಿತ್ತಲು ಯೋಗ್ಯವಾದ ನೆಲವೊಂದು ಮಂಗಳೂರಿನ ಜೆಪ್ಪುವಿನಲ್ಲಿ ಖಾಲಿ ಇದೆ.' ನೀರಿನ ಅನುಕೂಲ ಇದೆ ಅಂತ ಸೇರಿಸಲು ಶೀನಣ್ಣ ಹೇಳಿದರು. ಮಳೆಗಾಲದಲ್ಲಿ ಅಂಗಡಿ ಸೋರುತ್ತದೆ, ಸುಳ್ಳೇನಲ್ಲ.

"ತಮಾಷೆ ಮಾಡಿ," ಎಂದ ವಿಲ್ಲಿ. "ಅಮೆರಿಕದಲ್ಲಿ ನೋಡಿ. ಅಲ್ಲಿಯ ಬೋಧಕರು ಸ್ವಂತ ವಿಮಾನದಲ್ಲಿ ಹೋಗುತ್ತಾರೆ. ದೇವರ ಆಶೀರ್ವಾದ ಇಲ್ಲದೆ ಬರುತ್ತದಾ?"

ಅವನು ಹಾಗೆ ಹೇಳಬಾರದಿತ್ತು. ಮಾಸ್ತರಿಗೆ ಇಂಥ ವಿಷಯ ಸಿಕ್ಕಿದರೆ ಬೆಲ್ ಹೊಡೆದರೂ ಕ್ಲಾಸ್ ಮುಗಿಯುವುದಿಲ್ಲ. 2015ರಲ್ಲಿ ಕ್ರೆಫ್ಲೋ ಡಾಲರ್ ಎಂಬ ಬೋಧಕರು ಆರೂವರೆ ಕೋಟಿ ಡಾಲರಿನ ವಿಮಾನಕ್ಕೆ ಭಕ್ತರ ಹತ್ತಿರ ಹಣ ಕೇಳಿದ್ದು ಹೇಳಿದರು. ("ಹೆಸರೇ ಡಾಲರಾ?" ಎಂದು ಶೀನಣ್ಣ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.) 2018ರಲ್ಲಿ ಜೆಸ್ಸಿ ಡುಪ್ಲಾಂಟಿಸ್ ಅವರು 5.4 ಕೋಟಿ ಡಾಲರಿನದು ಕೇಳಿದರು. ಅದು ಅವರ ನಾಲ್ಕನೆಯ ವಿಮಾನ. ಯೇಸು ಇವತ್ತು ಭೂಮಿಯಲ್ಲಿದ್ದರೆ ಕತ್ತೆಯ ಮೇಲೆ ಹೋಗುತ್ತಿರಲಿಲ್ಲ ಅಂತ ಆ ಪುಣ್ಯಾತ್ಮ ಹೇಳಿದ್ದೂ ಉಂಟು.

"ಅದು ನಿಜ," ಎಂದರು ಲಾಜರ ಮಾಮ. "ಇವತ್ತಾದರೆ 27ನೇ ನಂಬರ್ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದ. ಆ ಕತ್ತೆಯೂ ಅವನದಲ್ಲ, ಕೇಳಿ ತಂದದ್ದು. ಅದರ ಇಎಂಐ ಕಟ್ಟಿ ಅಂತ ಶಿಷ್ಯರಿಗೆ ಹೇಳಲಿಲ್ಲ."

"1987ರ ಕತೆ ಇನ್ನೂ ಚಂದ," ಮಾಸ್ತರ್ ಬಿಡಲಿಲ್ಲ. "ಓರಲ್ ರಾಬರ್ಟ್ಸ್. ಈ ಬೀಜದ ಉಪದೇಶವನ್ನು ಟಿವಿಯಲ್ಲಿ ಹಬ್ಬಿಸಿದವರು. ಮಾರ್ಚ್ ಒಳಗೆ 80 ಲಕ್ಷ ಡಾಲರ್ ಒಟ್ಟಾಗದಿದ್ದರೆ ದೇವರು ನನ್ನನ್ನು ಮೇಲಕ್ಕೆ ಕರೆಸಿಕೊಳ್ಳುತ್ತಾನೆ ಅಂತ ಹೇಳಿದರು. ಜನ ಹೆದರಿ ಕೊಟ್ಟರು. ಕಡಿಮೆ ಬಿದ್ದ 13 ಲಕ್ಷ ಕೊಟ್ಟದ್ದು ಯಾರು ಗೊತ್ತುಂಟಾ? ಫ್ಲಾರಿಡಾದಲ್ಲಿ ನಾಯಿ ಓಟದ ಜೂಜಿನ ಮೈದಾನ ಇಟ್ಟುಕೊಂಡಿದ್ದ ಸಾಹುಕಾರ."

ಲಾಜರ ಮಾಮ ಬಾಯಲ್ಲಿದ್ದ ಗುಂಡುಪಿನ್ ತೆಗೆದು ಕೈಯಲ್ಲಿ ಹಿಡಿದರು. "ಅಲ್ಲ ಮಾಸ್ತರೇ, ಜೀವಮಾನವೆಲ್ಲ ಪರಲೋಕ ಎಷ್ಟು ಚಂದ ಅಂತ ಜನರಿಗೆ ಹೇಳಿದ್ದು. ಅಲ್ಲಿಂದ ಕರೆ ಬಂತು. ಹೋಗದೆ ಇರುವುದಕ್ಕೆ 80 ಲಕ್ಷ ಡಾಲರ್ ಕೇಳಿದ್ದಾ?"

ಶೀನಣ್ಣ ನಗುತ್ತಾ ಬೆಂಚಿನಿಂದ ಜಾರಿದರು. ವಿಲ್ಲಿಗೂ ನಗು ಬಂತು, ನುಂಗಿಕೊಂಡ. 5,000 ಹೋಗಿರುವಾಗ ಮನಸ್ಸು ಬಿಚ್ಚಿ ನಗುವುದು ಕಷ್ಟ.

"ನಿಮಗೆ ನಂಬಿಕೆ ಕಡಿಮೆ. ವಾಕ್ಯ ತೋರಿಸುತ್ತೇನೆ," ಎಂದು ಮೊಬೈಲ್ ತೆಗೆದ. "ಮಾರ್ಕನ ಸುವಾರ್ತೆ, 10ನೇ ಅಧ್ಯಾಯ, 30ನೇ ವಚನ. ನನಗಾಗಿ ಬಿಟ್ಟುಕೊಟ್ಟವರಿಗೆ ಈ ಕಾಲದಲ್ಲೇ ನೂರರಷ್ಟು. ಮನೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು, ಮಕ್ಕಳು, ಭೂಮಿ..."

"ನಿಲ್ಲು," ಜೂಲಿಬಾಯಿ ಸೌಟು ಹಿಡಿದೇ ಹೊರಗೆ ಬಂದರು. "ತಾಯಂದಿರು ನೂರಾ? ನಿನಗೆ ನೂರು ತಾಯಂದಿರು ಬಂದರೆ ನಿನ್ನ ಹೆಂಡತಿಗೆ ನೂರು ಅತ್ತೆಯಂದಿರು. ಅವಳನ್ನು ಕೇಳಿ ಬಿತ್ತಿದ್ದಾ?"

"ಆ ವಚನ ಅಲ್ಲಿಗೇ ಮುಗಿಯುವುದಿಲ್ಲ," ಎಂದರು ಮಾಸ್ತರ್. "ಭೂಮಿ ಆದ ಮೇಲೆ ಎಂತ ಇದೆ, ಓದು."

ವಿಲ್ಲಿ ಸ್ವರ ಇಳಿಸಿ ಓದಿದ. "ಹಿಂಸೆಗಳ ಸಹಿತ."

"ಬ್ರದರ್ ಅದನ್ನು ಹೇಳಲಿಲ್ಲವಾ?"

"ಜಾಹೀರಾತು ಬಂತು. ಅಷ್ಟರಲ್ಲಿ ಸ್ಕ್ರೀನಿನಲ್ಲಿ ಖಾತೆ ನಂಬರ್ ಹಾಕಿದರು."

ಒಂದು ಮಾತು ಒಪ್ಪಬೇಕು. ಇದರಲ್ಲಿ ವಿಲ್ಲಿಯೊಬ್ಬನದೇ ತಪ್ಪಿಲ್ಲ. ಶೀನಣ್ಣ ತಿಂಗಳಿಗೊಮ್ಮೆ ತಲಪಾಡಿ ದಾಟಿ ಕೇರಳದ ಲಾಟರಿ ತರುತ್ತಾರೆ. ಅವರ ವಾದ ಬೇರೆ. ಲಾಟರಿಯವರು ಟಿಕೆಟಿನ ಮೇಲೆ ನಂಬರ್ ಕೊಡುತ್ತಾರೆ, ಸೋತರೆ ನಂಬಿಕೆ ಕಡಿಮೆಯಾಯಿತು ಅಂತ ಬೈಯುವುದಿಲ್ಲ.

"ಸಾಹುಕಾರನಾಗುವುದು ಪಾಪ ಅಂತ ಎಲ್ಲಿದೆ?" ವಿಲ್ಲಿ ಈಗ ದಾರಿ ಬದಲಿಸಿದ. "ಸಾಹುಕಾರ ದೇವರ ರಾಜ್ಯಕ್ಕೆ ಹೋಗುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ದಾಟುವುದು ಸುಲಭ ಅಂತ ಯೇಸು ಹೇಳಿದ್ದನ್ನು ಎತ್ತಬೇಡಿ. ಅದಕ್ಕೆ ಉತ್ತರ ಇದೆ. ಯೆರೂಸಲೇಮಿನಲ್ಲಿ ಸೂಜಿಕಣ್ಣು ಅಂತ ಒಂದು ಸಣ್ಣ ಬಾಗಿಲು ಇತ್ತು. ಒಂಟೆ ಹೊರೆ ಇಳಿಸಿ, ಮೊಣಕಾಲೂರಿ ಅದರೊಳಗೆ ಹೋಗುತ್ತಿತ್ತು. ಕಷ್ಟ, ಆದರೆ ಸಾಧ್ಯ."

"ಅಂಥ ಬಾಗಿಲು ಇತ್ತು ಅನ್ನುವುದಕ್ಕೆ ಆ ಕಾಲದ ಒಂದು ದಾಖಲೆಯೂ ಇಲ್ಲ. ನೂರಾರು ವರ್ಷ ಕಳೆದ ಮೇಲೆ ಯಾರೋ ಕಟ್ಟಿದ ಬಾಗಿಲು ಅದು," ಎಂದರು ಮಾಸ್ತರ್.

"ಯಾರೋ ಅಲ್ಲ, ಒಂಟೆ ಇದ್ದವರೇ ಕಟ್ಟಿರಬೇಕು," ಎಂದು ಲಾಜರ ಮಾಮ ಡ್ರಾಯರಿನಿಂದ ಸೂಜಿ ತೆಗೆದು ಬೆಳಕಿಗೆ ಹಿಡಿದರು. "ನಾನು ಈ ಕಣ್ಣಿಗೆ ನೂಲು ಹಾಕಲು ಕನ್ನಡಕ ಬದಲಿಸಿಕೊಂಡು ಕೂತಿದ್ದೇನೆ. ಅದರಲ್ಲಿ ಒಂಟೆ ದಾಟಿಸುತ್ತೀಯಾ ಮಾರಾಯ? ಒಂಟೆಯನ್ನು ಸಣ್ಣದು ಮಾಡಲು ಯಾರಿಗೂ ಮನಸ್ಸಿಲ್ಲ. ಎಲ್ಲರೂ ಸೂಜಿಯನ್ನೇ ದೊಡ್ಡದು ಮಾಡುತ್ತಾರೆ."

"ಗೋಣಿ ಹೊಲಿಯುವ ದಬ್ಬಣ ಆದರೆ ಆದೀತಾ?" ಶೀನಣ್ಣನಿಗೆ ನಿಜಕ್ಕೂ ಕುತೂಹಲ.

ಅಲ್ಲಿಂದ ಮಾತು ಯೇಸುವಿನ ಅಪೊಸ್ತಲ ಪೌಲನ ಕಡೆಗೆ ಹೋಯಿತು. ಪೌಲ ಡೇರೆ ಹೊಲಿಯುತ್ತಿದ್ದ, ಅಂದರೆ ನಮ್ಮದೇ ಕಸುಬಿನವನು ಎಂಬುದು ಲಾಜರ ಮಾಮನ ದೊಡ್ಡ ಹೆಮ್ಮೆ. ಊರೂರು ಸುತ್ತಿ ಬೋಧಿಸಿದರೂ ಊಟಕ್ಕೆ ಯಾರ ಹಂಗಿಗೂ ಬೀಳಬಾರದು ಅಂತ ರಾತ್ರಿ ಹಗಲು ಕೈಯಲ್ಲಿ ದುಡಿದ. ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಅಂತ ಥೆಸಲೋನಿಕದವರಿಗೆ ಕಾಗದ ಬರೆದ. ಈ ವಚನವನ್ನು ಮಾಮ ಮಗನಿಗೆ ವಾರಕ್ಕೊಮ್ಮೆ ಹೇಳುತ್ತಾರೆ. ಮಗ ಅನ್ನ ಹಾಕಿಸಿಕೊಳ್ಳುತ್ತಲೇ ಕೇಳುತ್ತಾನೆ.

ಬೆಂಜಮಿನ್ ಮಾಸ್ತರಿಗೆ ಕಸುಬು ಅಂದ ಕೂಡಲೇ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ನೆನಪಾಗುತ್ತದೆ. ಅವರು ಆ ಚರ್ಚಿನವರು. ಮುತ್ತಜ್ಜ ಹೆಂಚಿನ ಕಾರ್ಖಾನೆಯಲ್ಲಿದ್ದವರು. 1834ರಲ್ಲಿ ಮಂಗಳೂರಿಗೆ ಬಂದ ಆ ಪಾದ್ರಿಗಳಿಗೆ ಒಂದು ತಲೆನೋವು ಶುರುವಾಯಿತು. ಮತ ಬದಲಿಸಿದವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು, ಕಸುಬೂ ಹೋಗುತ್ತಿತ್ತು. ಸುಮ್ನೆ ಕೂರಿಸಿ ಗಂಜಿ ಹಾಕಿದರೆ ಗಂಜಿಗಾಗಿ ಬರುವವರು ಜಾಸ್ತಿಯಾಗುತ್ತಾರೆ. ಅದಕ್ಕೆ ನೇಯ್ಗೆ ಕಲಿಸಿದರು, ಪ್ರೆಸ್ ಹಾಕಿದರು. 1865ರಲ್ಲಿ ನೇತ್ರಾವತಿ ದಡದ ಜೇಡಿಯಿಂದ ಹೆಂಚು ಸುಡುವ ಕಾರ್ಖಾನೆ ಇದೇ ಜೆಪ್ಪುವಿನಲ್ಲಿ ಶುರುವಾಯಿತು. ಖಾಕಿ ಬಟ್ಟೆಯನ್ನೂ ನಮ್ಮ ನೇಯ್ಗೆ ಶಾಲೆಯಲ್ಲಿ ನೇಯುತ್ತಿದ್ದರು ಅಂತ ಮಾಸ್ತರ್ ಸೇರಿಸುತ್ತಾರೆ. ಪೊಲೀಸ್ ಪ್ಯಾಂಟು ಹೊಲಿಯುವಾಗಲೆಲ್ಲ ಮಾಮ ಇದನ್ನು ಕೇಳಬೇಕು.

"ಬೆಳಿಗ್ಗೆ ಗಂಟೆ ಹೊಡೆದರೆ ಪ್ರಾರ್ಥನೆ, ಆಮೇಲೆ ಕೆಲಸ, ಸಂಜೆ ಸಂಬಳ. ಸೋಮಾರಿತನ ಪಾಪ, ಸಾಲ ಪಾಪ, ಕುಡಿತ ಪಾಪ," ಎಂದರು ಮಾಸ್ತರ್.

"ನಿಮ್ಮವರ ಪಟ್ಟಿಯಲ್ಲಿ ನಗುವುದೂ ಇತ್ತು ಅಂತ ಕಾಣುತ್ತದೆ," ಎಂದರು ಮಾಮ. ಮಾಮ ಕ್ಯಾಥೊಲಿಕರು. ಕುಡಿತದ ವಿಷಯದಲ್ಲಿ ಸ್ವಲ್ಪ ಉದಾರಿ.

"ನಿಮ್ಮವರ ಸುದ್ದಿ ತೆಗೆಯಲಾ? ಜರ್ಮನಿಯ ಲಿಂಬುರ್ಗಿನ ಬಿಷಪ್ಪರು ಮನೆ ಕಟ್ಟಿದ್ದು ಮೂರು ಕೋಟಿ ಯೂರೋಗೂ ಜಾಸ್ತಿ. ಸ್ನಾನದ ತೊಟ್ಟಿಗೇ 15,000."

"ಗೊತ್ತುಂಟು. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರ ರಾಜೀನಾಮೆ ತೆಗೆದುಕೊಂಡು ಮನೆಗೆ ಕಳಿಸಿದರಲ್ಲ. ಸ್ನಾನಕ್ಕೆ 15,000 ಯೂರೋ ಬೇಕಾದರೆ ಎಷ್ಟು ಕೊಳೆ ಇತ್ತು ಅಂತ ಲೆಕ್ಕ ಹಾಕಿ."

ಇಬ್ಬರೂ ಸಮಸಮ ಆದರು. ದಾನ ಕೊಟ್ಟವರ ವಿಷಯ ಎತ್ತಿದ್ದು ಶೀನಣ್ಣ. ಚರ್ಚಿನ ಮದುವೆಗೆ ಹೋದಾಗ ಫ್ಯಾನಿನ ಮೂರು ರೆಕ್ಕೆಗೂ ಹೆಸರು ಬರೆದಿತ್ತು, ಓದುವ ಅಂತ ನೋಡಿದರೆ ತಿರುಗುತ್ತಿತ್ತು ಎಂದರು.

"ಅದಕ್ಕೇ ಫ್ಯಾನ್ ಕೊಟ್ಟ ಮನುಷ್ಯ ಬಂದ ಕೂಡಲೇ ಸ್ವಿಚ್ ಆಫ್ ಮಾಡುವುದು," ಎಂದರು ಮಾಮ. "ಯೇಸು ಒಂದು ಕತೆ ಹೇಳಿದ, ಲೂಕನ ಸುವಾರ್ತೆಯಲ್ಲಿದೆ. ಒಬ್ಬ ಸಾಹುಕಾರ, ಅವನ ಬಾಗಿಲಲ್ಲಿ ಹುಣ್ಣು ತುಂಬಿದ ಒಬ್ಬ ಭಿಕ್ಷುಕ. ಭಿಕ್ಷುಕನ ಹೆಸರು ಲಾಜರ, ನನ್ನದೇ. ಸಾಹುಕಾರನ ಹೆಸರು ಎಂತ? ಇಲ್ಲ. ಯೇಸುವಿಗೆ ಬಡವನ ಹೆಸರು ಗೊತ್ತಿತ್ತು, ಸಾಹುಕಾರನದು ಬೇಡವಾಯಿತು. ಈಗ ಯಾವ ಚರ್ಚಿನ ಗೋಡೆಯನ್ನಾದರೂ ನೋಡಿ. ಸಾಹುಕಾರರ ಹೆಸರೆಲ್ಲ ಕಲ್ಲಿನಲ್ಲಿ ಉಂಟು. ಲಾಜರನ ಹೆಸರು ಇರುವುದು ವರ್ಗಣಿ ಬಾಕಿ ಇರುವವರ ಪಟ್ಟಿಯಲ್ಲಿ."

ಜೂಲಿಬಾಯಿ ಚಾ ತಂದಿಟ್ಟರು. ಅವತ್ತು ಮೊಂತಿ ಫೆಸ್ತ್, ಅಂದರೆ ಕ್ಯಾಥೊಲಿಕರ ತೆನೆ ಹಬ್ಬ, ಆಗಿ ಎರಡು ದಿನ. ಉಳಿದಿದ್ದ ಹೊಸಕ್ಕಿ ಪಾಯಸವೂ ಬಂತು.

"ಈ ಸಲ ತೆನೆ ಎಲ್ಲಿಯದು?" ಶೀನಣ್ಣ ಕೇಳಿದರು.

ಯಾರೂ ಬೇಗ ಉತ್ತರ ಕೊಡಲಿಲ್ಲ. ಸೆಪ್ಟೆಂಬರ್ 8ರಂದು ಚರ್ಚಿನಲ್ಲಿ ಆಶೀರ್ವಾದ ಮಾಡಿ ಮನೆಮನೆಗೆ ಹಂಚುವ ಹೊಸ ತೆನೆ ಎಷ್ಟೋ ವರ್ಷ ಶೀನಣ್ಣನ ಗದ್ದೆಯಿಂದಲೇ ಬರುತ್ತಿತ್ತು. ಅವರ ಅಪ್ಪ ಬೆಳಿಗ್ಗೆ ಸ್ನಾನ ಮಾಡಿ, ತಾವೇ ಕೊಯ್ದು, ತಲೆಯ ಮೇಲೆ ಹೊತ್ತು ತಂದು ಚರ್ಚಿನ ಮೆಟ್ಟಿಲಲ್ಲಿ ಇಡುತ್ತಿದ್ದರು. ಹಣ ಕೊಟ್ಟರೆ ಬೇಸರ ಮಾಡಿಕೊಳ್ಳುತ್ತಿದ್ದರು. ಆಮೇಲೆ ಅಣ್ಣತಮ್ಮಂದಿರ ಪಾಲಾಯಿತು. ಆಳು ಸಿಗಲಿಲ್ಲ. ಗದ್ದೆ ಮಾರಾಟವಾಯಿತು. ಈಗ ಅಲ್ಲಿ 24 ಸೈಟುಗಳಿವೆ, ಗೇಟಿನ ಮೇಲೆ ಭತ್ತದ ತೆನೆಯ ಚಿತ್ರವಿದೆ. ಮಾರಿಸಿಕೊಟ್ಟ ಬ್ರೋಕರ್ ವಿಲ್ಲಿ.

"ಎರಡು ಪರ್ಸೆಂಟ್ ಮಾತ್ರ ತೆಗೆದುಕೊಂಡದ್ದು," ಎಂದ ವಿಲ್ಲಿ, ಯಾರೂ ಕೇಳದಿದ್ದರೂ.

"ನಿನ್ನದು ತಪ್ಪು ಅಂತ ಯಾರು ಹೇಳಿದರು?" ಎಂದರು ಶೀನಣ್ಣ. "ಸಾಲ ಇತ್ತು. ಮಾರಿದ್ದು ನಾವು." ಪಾಯಸದ ಬಟ್ಟಲನ್ನು ಸ್ವಲ್ಪ ಹೊತ್ತು ನೋಡಿದರು. "ಅಪ್ಪ ಬೀಜದ ಭತ್ತ ಅಟ್ಟದಲ್ಲಿ ಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ಮನೆಯಲ್ಲಿ ಅಕ್ಕಿ ಮುಗಿದರೂ ಅದನ್ನು ಮುಟ್ಟುವ ಹಾಗಿರಲಿಲ್ಲ."

ಲಾಜರ ಮಾಮ ಏನೋ ಹೇಳಲು ಹೋಗಿ ಬಿಟ್ಟರು. ಮೆಷಿನ್ ತುಳಿದರು. ಅಂಥ ಹೊತ್ತಿಗೆ ಮೆಷಿನ್ ಒಳ್ಳೆಯದು.

ವಿಲ್ಲಿ ಚಾ ಮುಗಿಸಿ ಎದ್ದ. "ಮಾಮ, ನನ್ನ ಪ್ಯಾಂಟು ಆಯಿತಾ?"

"ಎರಡೂ ಆಯಿತು. 1,100. ಮಗನ ಕೊಮ್ಯೂನಿಯನ್ ಕೋಟು ಹೊಲಿದದ್ದು 900 ಬಾಕಿ. ಒಟ್ಟು 2,000."

"ಅದು ಮಾಮ, ಈ ತಿಂಗಳು ಸ್ವಲ್ಪ..."

"ಬಿತ್ತನೆ ಆಗಿದೆ, ಗೊತ್ತುಂಟು." ಮಾಮ ಕತ್ತರಿ ಕೆಳಗಿಟ್ಟರು. "ಚರ್ಚಿನ ಕೆಟಿಕಿಸಂ ಕ್ಲಾಸಿನಲ್ಲಿ, ಧರ್ಮದ ಪಾಠದಲ್ಲಿ, ನಾವು ಕಲಿತದ್ದು ನೆನಪುಂಟಾ? ಆಕಾಶಕ್ಕೆ ಕೂಗುವ ಪಾಪಗಳು. ಒಂದು ಕೊಲೆ. ಅದೇ ಪಟ್ಟಿಯಲ್ಲಿ ಇನ್ನೊಂದು, ದುಡಿದವನ ಕೂಲಿ ಹಿಡಿದಿಟ್ಟುಕೊಳ್ಳುವುದು."

"ಯಾಕೋಬನ ಪತ್ರ, 5ನೇ ಅಧ್ಯಾಯ," ಮಾಸ್ತರ್ ಹೇಳಿದರು. "ಕೊಡದ ಕೂಲಿ ಕೂಗಿಕೊಳ್ಳುತ್ತದೆ ಅಂತ ಇದೆ. 1891ರಲ್ಲಿ 13ನೇ ಲಿಯೋ ಪೋಪರು ಕಾರ್ಮಿಕರ ಬಗ್ಗೆ ಬರೆದ ಪತ್ರದಲ್ಲೂ ಅದೇ ವಚನ ಎತ್ತಿದ್ದಾರೆ."

ವಿಲ್ಲಿ ಗೋಡೆಯ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದ. ಮೇಜಿನ ಮೇಲಿನ ಡಬ್ಬಿ ಗಟ್ಟಿಯಾಗಿ ಹೇಳಿತು, "ಐನೂರು ರೂಪಾಯಿ ಸ್ವೀಕರಿಸಲಾಗಿದೆ."

"ಕೂಗಿತು!" ಎಂದರು ಶೀನಣ್ಣ.

"ಕಾಲು ಭಾಗ ಕೂಗಿತು," ಎಂದು ಮಾಮ ಒಂದು ಪ್ಯಾಂಟು ಮಡಚಿ ಕೊಟ್ಟರು. ಇನ್ನೊಂದನ್ನು ವಾಪಸ್ ಹ್ಯಾಂಗರಿಗೆ ಹಾಕಿದರು. "ಇದು ಬೀಜಕ್ಕೆ ಇರಲಿ. 90 ದಿನ ಬಿಟ್ಟು ಬಾ. ನೂರು ಪ್ಯಾಂಟು ಆಗಿರುತ್ತದೆ."

"ಮಾಮ, ನಾಳೆ ಪಾರ್ಟಿ ಹತ್ತಿರ ಸೈಟ್ ತೋರಿಸಲು ಹೋಗಲಿಕ್ಕುಂಟು. ನಿಲ್ಲಿ, ಹೆಂಡತಿ ಹತ್ತಿರ ಹಾಕಲು ಹೇಳುತ್ತೇನೆ," ಎಂದು ವಿಲ್ಲಿ ಫೋನ್ ಹಿಡಿದು ರಸ್ತೆಗೆ ಹೋದ.

ಅವನ ಮಾತು ನಮಗೆ ಕೇಳಿಸಲಿಲ್ಲ. ಅವಳದು ಚೆನ್ನಾಗಿ ಕೇಳಿಸಿತು, ಸ್ಪೀಕರ್ ಹಾಕದಿದ್ದರೂ.

"ಐದು ಸಾವಿರವಾ? ಯಾರಿಗೆ?"

ಮಾಸ್ತರ್ ಕನ್ನಡಕ ಸರಿಮಾಡಿಕೊಂಡರು. "ಮಾರ್ಕ, 10ನೇ ಅಧ್ಯಾಯ. ವಚನದ ಕೊನೆಯ ಭಾಗ ಮೊದಲು ಬಂತು."

"ಜೂಲಿ, ಇನ್ನೊಂದು ಸುತ್ತು ಚಾ ಇಡು," ಎಂದರು ಲಾಜರ ಮಾಮ. "ಅವನು ಒಳಗೆ ಬರುವಾಗ ಹೊತ್ತಾಗುತ್ತದೆ."