ಓದುಗರ ಸ್ಪಂದನ: ‘ಅವನಿಗೇ ಕೊಟ್ಟು ಮದುವೆ ಮಾಡಿ ಅಂತಿದ್ದಾರೆ’

ಕಳೆದ ಸಂಚಿಕೆಯ ಸಮಸ್ಯೆ: ನಮ್ಮದು ಶಿಡ್ಲಘಟ್ಟದ ಕಡೆ ಹಳ್ಳಿ. ರೇಷ್ಮೆ ಫಿಲೇಚರಿಗೆ (ಗೂಡಿನಿಂದ ನೂಲು ತೆಗೆಯುವ ಘಟಕ) ಕೆಲಸಕ್ಕೆ ಹೋಗುತ್ತಿದ್ದ ನನ್ನ ತಂಗಿಯ (23) ಮೇಲೆ ಸಂಬಂಧದಲ್ಲೇ ಒಬ್ಬ ಅತ್ಯಾಚಾರ ಮಾಡಿ ಹದಿನೈದು ದಿನವಾಯಿತು. ಅವತ್ತಿನ ಚೂಡಿದಾರವನ್ನು ಒಗೆಯದೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ. ಊರ ಹಿರಿಯರು ‘ಅವನಿಗೇ ಕೊಟ್ಟು ಮದುವೆ ಮಾಡಿ, ಮಾನ ಉಳಿಯುತ್ತೆ’ ಅಂತಿದ್ದಾರೆ. ಅಪ್ಪ ಒಪ್ಪುವ ಹಾಗಿದ್ದಾರೆ. ತಂಗಿ ಬಾಯೇ ಬಿಡುತ್ತಿಲ್ಲ. ಏನು ಮಾಡಲಿ?

*

ಮೊದಲು ಆ ಪ್ಲಾಸ್ಟಿಕ್ ಕವರು ಬಿಚ್ಚಮ್ಮ. ಒಳಗೆ ತೇವ ನಿಂತು ಬೂಷ್ಟು ಹತ್ತಿದರೆ ಲ್ಯಾಬಿಗೆ ಕಳಿಸಿಯೂ ಉಪಯೋಗವಿಲ್ಲ. ಒಗೆಯಬೇಡ, ಕೊಡವಬೇಡ. ನೆರಳಲ್ಲಿ ಆರಲು ಬಿಟ್ಟು, ಶುದ್ಧ ಕಾಗದದಲ್ಲಿ ಸುತ್ತಿ, ಕಾಗದದ ಚೀಲದಲ್ಲಿಡು. ಒಳಉಡುಪನ್ನು ಬೇರೆಯಾಗಿ ಸುತ್ತು.

ಎಚ್‌ಐವಿ ತಡೆಯುವ 28 ದಿನದ ಔಷಧಿ 72 ಗಂಟೆಯೊಳಗೆ ಶುರುವಾಗಬೇಕಿತ್ತು, ಆ ಗಡುವು ದಾಟಿದೆ. ಹಾಗಂತ ಮನೆಯಲ್ಲೇ ಕೂರಬೇಡಿ. ಗರ್ಭ ಪರೀಕ್ಷೆ, ರಕ್ತ ಪರೀಕ್ಷೆ ಈಗೊಮ್ಮೆ, ಆಮೇಲೊಮ್ಮೆ ಆಗಲೇಬೇಕು. ಗರ್ಭ ನಿಂತಿದ್ದರೂ ದಾರಿಯಿದೆ: ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ಸಂದರ್ಭದಲ್ಲಿ 24 ವಾರದವರೆಗೆ ತೆಗೆಸಲು ಅವಕಾಶವಿದೆ. ಆಸ್ಪತ್ರೆ ಸರ್ಕಾರಿಯಾಗಲಿ ಖಾಸಗಿಯಾಗಲಿ, ಚಿಕಿತ್ಸೆ ಪುಕ್ಕಟೆ ಕೊಡಬೇಕು. ‘ಎಫ್‌ಐಆರ್ ತಂದರೆ ಮಾತ್ರ’ ಅನ್ನುವಂತಿಲ್ಲ. ಆದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅದು ಅವರ ಕರ್ತವ್ಯ. ಇದನ್ನು ತಂಗಿಗೆ ಮೊದಲೇ ಹೇಳಿರು, ಅಲ್ಲಿ ಹೋಗಿ ಗಾಬರಿಯಾಗಬಾರದು. ತಪಾಸಣೆಗೆ ಅವಳ ಒಪ್ಪಿಗೆ ಬೇಕೇ ಬೇಕು. ‘ಇದು ಬೇಡ’ ಅಂದರೆ ಅಲ್ಲಿಗೆ ಬಿಡಬೇಕು, ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಹೆಣ್ಣಿಗೆ ಮೊದಲೇ ಸಂಭೋಗದ ಅಭ್ಯಾಸವಿತ್ತೇ ಎಂದು ಒಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಅದು ಮಾಮೂಲಿಯಾಗಿತ್ತು. ಕೈ ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ನಾನು. ಆ ಹುಡುಗಿಯರು ಉಗುರು ಊರಿದ್ದು ಇನ್ನೂ ಅಂಗೈಯಲ್ಲಿದೆ.

– ನಿವೃತ್ತ ನರ್ಸ್, ಕೋಲಾರ

*

ನನಗೆ 61 ವರ್ಷ. ಇಂಥದ್ದೇ ಒಂದು ಪಂಚಾಯ್ತಿಯಲ್ಲಿ ಕೂತವನು. ಅರಳಿಕಟ್ಟೆ ಮೇಲೆ ಹನ್ನೊಂದು ಜನ, ಕೆಳಗೆ ಹುಡುಗಿಯ ಅಪ್ಪ ಟವೆಲ್ ಕೈಯಲ್ಲಿ ಹಿಡಿದು ಕುಕ್ಕರಗಾಲಲ್ಲಿ. ಹುಡುಗಿಯನ್ನು ಯಾರೂ ಕರೆಸಲಿಲ್ಲ. ಕರೆಸಬೇಕು ಅಂತ ಹೊಳೆಯಲೂ ಇಲ್ಲ. ನಾವು ಮಾತಾಡಿದ್ದೆಲ್ಲ ದುಡ್ಡು, ಹೊಲದ ಬದು, ಎರಡು ಮನೆಯ ಹಳೇ ಬಾಕಿ. ಮಧ್ಯೆ ಯಾರೋ ಟೀ ತರಿಸಿದರು. ಮದುವೆ ಅಂತ ತೀರ್ಮಾನವಾದಾಗ ಎಲ್ಲರಿಗೂ ನಿರಾಳ, ನನಗೂ.

ವರ್ಷ ತಿರುಗುವುದರೊಳಗೆ ಆ ಮಗು ಮೊಣಕೈ ಮುರಿಸಿಕೊಂಡು ತವರಿಗೆ ಬಂತು. ಈಗ ಸಂತೆಯಲ್ಲಿ ಎದುರಾದರೆ ನಾನೇ ಟೊಮೆಟೊ ಕ್ರೇಟುಗಳ ಹಿಂದೆ ಸರಿಯುತ್ತೇನೆ.

ನಿಮ್ಮಪ್ಪನನ್ನು ಬೈಯಬೇಡಮ್ಮ. ಅವರಿಗೆ ಮಗಳ ಮೇಲೆ ಸಿಟ್ಟಿಲ್ಲ, ನಮ್ಮಂಥ ಹನ್ನೊಂದು ಜನರ ಭಯ. ಒಳಗಿನ ಗುಟ್ಟು ಹೇಳುತ್ತೇನೆ: ಹುಡುಗಿಯ ಅಪ್ಪ ಬಾರದಿದ್ದರೆ ಪಂಚಾಯ್ತಿ ಸೇರುವುದಿಲ್ಲ. ಆ ದಿನ ಅವರನ್ನು ಯಾವುದಾದರೂ ನೆಂಟರ ಮನೆಗೆ ಕರೆದುಕೊಂಡು ಹೋಗಿಬಿಡು.

– ಹೆಸರು ಬೇಡ, ಚಿಂತಾಮಣಿ ತಾಲ್ಲೂಕು

*

ಹಿರಿಯರಿಗೆ ಇದನ್ನು ಓದಿ ಹೇಳಿ. ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳಲ್ಲಿ ಅತ್ಯಾಚಾರ ಇಲ್ಲ. ರಾಜಿಯಾಯಿತೆಂದು ಶಿಕ್ಷೆ ಇಳಿಸಬಾರದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರೋಪಿಯೊಬ್ಬ ನೊಂದ ಹೆಣ್ಣಿನಿಂದಲೇ ರಾಖಿ ಕಟ್ಟಿಸಿಕೊಳ್ಳಲಿ ಎಂದು ಮಧ್ಯಪ್ರದೇಶ ಹೈಕೋರ್ಟು ಜಾಮೀನಿಗೆ ಷರತ್ತು ಹಾಕಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕುತ್ತಾ, ಮದುವೆಯಾಗಿ, ರಾಜಿಯಾಗಿ ಎಂದು ನ್ಯಾಯಾಧೀಶರು ಕೂಡ ಸೂಚಿಸಬಾರದು ಎಂದಿತು. ಜಡ್ಜಿಗೇ ಇಲ್ಲದ ಅಧಿಕಾರ ಕಟ್ಟೆ ಮೇಲಿನವರಿಗೆ ಎಲ್ಲಿಂದ ಬಂತು?

ತಡವಾಯಿತೆಂಬ ಚಿಂತೆ ಬೇಡ. ಮಾನಕ್ಕೆ ಅಂಜಿ ಮನೆಯವರು ಹಿಂದೆಮುಂದೆ ನೋಡುವುದನ್ನು 1996ರ ತೀರ್ಪೊಂದರಲ್ಲೇ ಕೋರ್ಟು ಅರ್ಥಮಾಡಿಕೊಂಡಿದೆ. ತಡವಾದ ಕಾರಣವನ್ನು ದೂರಿನಲ್ಲೇ ಬರೆಸಿ. ನಿಮ್ಮೂರಿನ ಠಾಣೆಗೆ ಹೋಗಲು ಮುಜುಗರವಾದರೆ ಯಾವ ಠಾಣೆಯಲ್ಲಾದರೂ ಕೊಡಿ, ‘ಝೀರೋ ಎಫ್‌ಐಆರ್’ ಹಾಕಿ ನಿಮ್ಮೂರಿನ ಠಾಣೆಗೆ ಅವರೇ ಕಳಿಸಬೇಕು. ಹೇಳಿಕೆ ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ದೂರು ತೆಗೆದುಕೊಳ್ಳದ ಪೊಲೀಸರಿಗೂ ಕನಿಷ್ಠ ಆರು ತಿಂಗಳ ಸಜೆಯಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ (ಫೋನ್ 15100) ವಕೀಲರು ಉಚಿತ. ಪರಿಹಾರದ ಅರ್ಜಿಯೂ ಅಲ್ಲೇ. 181ಕ್ಕೆ ಕರೆ ಮಾಡಿದರೆ ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರಕ್ಕೆ ದಾರಿ ತೋರಿಸುತ್ತಾರೆ. ತಂಗಿಯ ಹೆಸರು ಪತ್ರಿಕೆಯಲ್ಲಿ ಬರುತ್ತೆ ಅನ್ನುವ ಭಯ ಅಪ್ಪನಿಗಿರಬಹುದು. ಹಾಗೆ ಪ್ರಕಟಿಸುವುದೇ ಅಪರಾಧ.

– ವಕೀಲೆ, ತುಮಕೂರು

*

ಅಕ್ಕಾ, ನಿಮ್ಮ ತಂಗಿಯ ಜಾಗದಲ್ಲಿದ್ದವಳು ನಾನು. ಬಂದವರೆಲ್ಲ ‘ಯಾಕೆ ಕೂಗಲಿಲ್ಲ?’ ಅಂತಲೇ ಕೇಳುತ್ತಿದ್ದರು. ಅತ್ತಿಗೆ ಮಾತ್ರ ಏನೂ ಕೇಳಲಿಲ್ಲ. ಅವರೆಕಾಯಿ ಕಾಲ. ನೆನೆಸಿದ ಕಾಳಿನ ಬೋಗುಣಿ ಮಧ್ಯೆ ಇಟ್ಟುಕೊಂಡು ಇಬ್ಬರೂ ಹಿತುಕುತ್ತಾ ಕೂರುತ್ತಿದ್ದೆವು. ಐದನೇ ದಿನವೋ ಆರನೇ ದಿನವೋ ಕಾಳೊಂದು ಚಿಮ್ಮಿ ಅತ್ತಿಗೆ ಹಣೆಗೆ ಬಡಿಯಿತು. ಇಬ್ಬರಿಗೂ ನಗು. ನಗು ನಿಲ್ಲುವ ಹೊತ್ತಿಗೆ ನಾನು ಹೇಳತೊಡಗಿದ್ದೆ.

ದೂರು ಕೊಡೋಣ ಅಂದಿದ್ದೂ ನಾನೇ, ಅದಕ್ಕೆ ಮತ್ತೆರಡು ವಾರ ಹಿಡಿಯಿತು. ಬೇಗ ಬೇಗ ಅಂತ ಬೇರೆಯವರು ಬರೆದಿರಬಹುದು, ಅದೂ ಸರಿಯೇ. ಆದರೆ ಊರವರು ಅವಳನ್ನು ಕೇಳದೆ ಮದುವೆಗೆ ಹೊರಟಿದ್ದಾರೆ. ನೀವು ಕೇಳದೆ ಸ್ಟೇಷನ್ನಿಗೆ ಕರೆದುಕೊಂಡು ಹೋದರೆ ಅವಳ ಪಾಲಿಗೆ ಏನು ವ್ಯತ್ಯಾಸ?

– ಗೌರಿಬಿದನೂರು

*

ಆಸ್ಪತ್ರೆ, ಕೋರ್ಟು ಅಂತ ಚಿಕ್ಕಬಳ್ಳಾಪುರಕ್ಕೆ ಬಂದ ದಿನ ಅಕ್ಕತಂಗಿ ಇಬ್ಬರೂ ಮಧ್ಯಾಹ್ನದ ಊಟಕ್ಕೆ ನಮ್ಮನೆಗೇ ಬನ್ನಿ. ಮುದ್ದೆ, ಬಸ್ಸಾರು. ವಿಳಾಸ ಸಂಪಾದಕರ ಹತ್ತಿರ ಕೊಟ್ಟಿದ್ದೀನಿ. ಯಾಕೆ ಬಂದಿರಿ ಅಂತ ಇಲ್ಲಿ ಯಾರೂ ಕೇಳಲ್ಲ.

– ಗೃಹಿಣಿ, ಚಿಕ್ಕಬಳ್ಳಾಪುರ