‘ನೆರಳಿನ ಗಿಡ’: ನೆರಳು ಕೊಡುವುದೋ, ನೆರಳಲ್ಲಿ ಬೆಳೆಯುವುದೋ?

ಮಾನ್ಯರೇ,

ಕಳೆದ ತಿಂಗಳು ಬೆಂಗಳೂರಿನ ಒಂದು ನರ್ಸರಿಯಲ್ಲಿ ‘ನೆರಳಿಗೆ ಯಾವುದಾದರೂ ಗಿಡ ಇದ್ದರೆ ಕೊಡಿ’ ಎಂದು ಕೇಳಿದಾಗ, ಅಲ್ಲಿದ್ದ ಹಿರಿಯರು ನನ್ನನ್ನು ನೇರವಾಗಿ ಹೊಂಗೆ ಸಸಿಗಳ ಸಾಲಿಗೆ ಕರೆದುಕೊಂಡು ಹೋದರು. ನನಗೆ ಬೇಕಾಗಿದ್ದುದು ನೆರಳು ಕೊಡುವ ಗಿಡವಲ್ಲ. ಪಕ್ಕದ ಮೂರಂತಸ್ತಿನ ಕಟ್ಟಡ ಎದ್ದ ಮೇಲೆ ಬಿಸಿಲು ಕಳೆದುಕೊಂಡ ನಮ್ಮ ಹಿತ್ತಲಿನಲ್ಲಿ ಬದುಕಬಲ್ಲ ಗಿಡ. ತಪ್ಪು ಅವರದೆಂದು ಹೇಳಲಾರೆ. ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವ ನಾಡಿನಲ್ಲಿ ನನ್ನ ಮಾತಿಗೆ ಅವರು ಹಿಡಿದ ಅರ್ಥವೇ ಸಹಜವಾದುದು. ಕಾಫಿ ಸೀಮೆಯವರು ‘ನೆರಳು ಮರ’ ಎಂದಾಗಲೂ ಹಾಲವಾಣ, ಸಿಲ್ವರ್ ಓಕ್, ಅತ್ತಿ, ಬಸರಿಗಳಂತಹ ನೆರಳು ಕೊಡುವ ಮರಗಳೆಂದೇ ಅರ್ಥ. ಆದರೆ ‘ನೆರಳಿನ ಗಿಡ’ ಎಂಬ ಷಷ್ಠಿಯ ಪ್ರಯೋಗ ಎರಡು ಕಡೆಗೂ ವಾಲುತ್ತದೆ. ಬಡಾವಣೆಯವರಿಗಾಗಿ ಗಿಡಗಳ ಆಯ್ಕೆಯ ಕಿರುಕೈಪಿಡಿಯೊಂದನ್ನು ಬರೆಯುತ್ತಿರುವ ನನಗೆ ಈ ತೊಡಕು ಪುಟಪುಟಕ್ಕೂ ಎದುರಾಗುತ್ತಿರುವುದರಿಂದ ತಮ್ಮ ಮುಂದಿಡುತ್ತಿದ್ದೇನೆ.

ಹಳಗನ್ನಡದ ‘ನೆೞಲ್’ ಮುಂದೆ ‘ನೆಳಲು’ ಆಗಿ, ಈಗ ‘ನೆರಳು’ ಆಗಿದೆ. ತಮಿಳು ಮಲಯಾಳಗಳ ‘ನಿೞಲ್’, ತೆಲುಗಿನ ‘ನೀಡ’ ಇದೇ ಬಳಗದವು. ನೆಲದ ಮೇಲೆ ಬೀಳುವ ಕಪ್ಪು ಆಕಾರಕ್ಕೂ, ಬಿಸಿಲು ತಾಗದ ತಂಪು ಜಾಗಕ್ಕೂ ಕನ್ನಡ, ತಮಿಳು, ತೆಲುಗುಗಳಲ್ಲಿ ಒಂದೇ ಪದ. ವಿಚಿತ್ರವೆಂದರೆ, ಬಿಸಿಲಿನ ವಿಷಯದಲ್ಲಿ ಕನ್ನಡ ಬಹಳ ಉದಾರಿ: ಎಳೆಬಿಸಿಲು, ಹೂಬಿಸಿಲು, ಬಿರುಬಿಸಿಲು, ಸುಡುಬಿಸಿಲು, ನೆತ್ತಿಬಿಸಿಲು ಎಂದು ಹೊತ್ತನ್ನೂ ಕಾವನ್ನೂ ಒಂದೇ ಪದದಲ್ಲಿ ಹಿಡಿದುಕೊಡುತ್ತದೆ. ನೆರಳಿಗೆ ಅಂತಹ ಸಂಪತ್ತು ನನಗೆ ಕಾಣುತ್ತಿಲ್ಲ. ಹಳೆಯ ಕಾವ್ಯಗಳ ‘ತಣ್ಣೆಳಲ್’ (ತಣ್ಣೀರಿನಲ್ಲಿರುವ ‘ತಣ್’ ಇಲ್ಲಿಯೂ ಇದೆ) ಚೆಲುವಾದ ಪದವೇ ಹೌದು, ಆದರೆ ಅದು ದಣಿದು ಬಂದ ಮನುಷ್ಯನಿಗೆ ಸಿಗುವ ಸುಖವನ್ನು ಹೇಳುತ್ತದೆಯೇ ಹೊರತು ಗಿಡಕ್ಕೆ ಸಿಗುವ ಬೆಳಕಿನ ಅಳತೆಯನ್ನಲ್ಲ.

ಗಿಡದ ಕುಂಡಗಳಿಗೆ ಅಂಟಿಸುವ ಚೀಟಿಗಳಲ್ಲಿ ಈಗ ‘ಭಾಗಶಃ ನೆರಳು’ ಎಂದು ಅಚ್ಚಾಗುತ್ತಿದೆ. ಭಾಗ ಯಾವುದರದು? ದಿನದಲ್ಲಿ ಕೆಲವು ಗಂಟೆ ಬಿಸಿಲು, ಉಳಿದ ಹೊತ್ತು ನೆರಳು ಎಂದೋ, ದಿನವಿಡೀ ಸೋಸಿ ಬಂದ ತೆಳುಬೆಳಕು ಎಂದೋ? ಈ ಚೀಟಿಯನ್ನು ನಂಬಿ ಆಂಥೂರಿಯಂ ಒಂದನ್ನು ಪಡುವಣದ ಜಗಲಿಯಲ್ಲಿ ಇಟ್ಟೆ. ಮಧ್ಯಾಹ್ನ 2ರವರೆಗೆ ಅಲ್ಲಿ ನೆರಳೇ, ಅಲ್ಲಿಂದ ಮುಂದೆ ಬಿಸಿಲು. ಲೆಕ್ಕಕ್ಕೆ ಇದು ಭಾಗಶಃ ನೆರಳೇ. ವಾರ ಕಳೆಯುವುದರೊಳಗೆ ಎಲೆಗಳ ನಡುವೆ ಮೊದಲು ಬಿಳಿಚಿದ ಮಚ್ಚೆ ಮೂಡಿ, ಅದು ಹಪ್ಪಳದಂತೆ ಒಣಗಿ ಕಂದಾಯಿತು. ಅದೇ ಗಿಡ ಈಗ ಮೂಡಣದ ಕಿಟಕಿಯ ಬಳಿ, ಎಳೆಬಿಸಿಲಿನಲ್ಲಿ ಚೆನ್ನಾಗಿಯೇ ಇದೆ. ‘ಅರೆನೆರಳು’ ಎನ್ನೋಣವೆಂದರೆ, ಗ್ರಹಣವನ್ನು ವಿವರಿಸುವವರು ಉಪಛಾಯೆಗೆ, ಅಂದರೆ ಅಂಚಿನ ಮಸುಕು ನೆರಳಿಗೆ, ಆ ಪದವನ್ನು ಆಗಲೇ ಬಳಸಿಕೊಂಡಿದ್ದಾರೆ. ಅಲ್ಲದೆ ಹೊತ್ತೋ ಕಾವೋ ಎಂಬ ಗೊಂದಲ ಅದರಲ್ಲಿಯೂ ಹಾಗೆಯೇ ಉಳಿಯುತ್ತದೆ.

ನೆರಳನ್ನು ಗೊಬ್ಬರದಂತೆ ಅಳೆದು ಕೊಡುವವರೆಂದರೆ ಕಾಫಿ ಬೆಳೆಗಾರರು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಡೆ ಮಳೆಗಾಲಕ್ಕೆ ಮೊದಲು ಮರ ಹತ್ತಿ ಕೊಂಬೆ ಕಡಿಯುವ ಕೆಲಸಕ್ಕೆ ‘ಮರಗಸಿ’ ಎನ್ನುತ್ತಾರೆ. ನೆರಳು ಹೆಚ್ಚಾದರೆ ಮಳೆಗಾಲದಲ್ಲಿ ಕೊಳೆರೋಗ. ತೀರ ಕಡಿಮೆಯಾದರೆ ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಹುಳುವಿನ ಕಾಟ. ಬಯಲುಸೀಮೆಯವನಾದ ನನಗೆ ‘ಕಸಿ’ ಎಂದರೆ ಒಂದು ಗಿಡಕ್ಕೆ ಇನ್ನೊಂದನ್ನು ಕಟ್ಟುವುದು. ಅಲ್ಲಿ ಅದು ಕತ್ತರಿಸುವುದು ಹೇಗಾಯಿತು ಎಂಬುದು ಬೇರೆಯೇ ಚರ್ಚೆಗೆ ಯೋಗ್ಯವಾದ ವಿಷಯ. ಮರಗಸಿಯಾದ ಮೇಲೆ ತೋಟದಲ್ಲಿ ಉಳಿಯುವ, ನೆಲದ ಮೇಲೆ ಬಿಸಿಲಿನ ಬಿಲ್ಲೆಗಳು ಓಡಾಡುವ ಆ ನೆರಳಿಗೆ ಏನೆನ್ನಬೇಕು? ಒತ್ತಾಗಿ ನೇಯದ ಬಟ್ಟೆಗೆ ನಾವು ‘ಜಾಳು’ ಎನ್ನುವುದರಿಂದ ‘ಜಾಳು ನೆರಳು’ ಎಂಬುದು ನನ್ನ ಸಲಹೆ. ಶೇಕಡಾ 50ರ ನೆರಳು ಪರದೆಯ ಕೆಳಗಿನ ಬೆಳಕಿಗೂ ಇದು ಹೊಂದುತ್ತದೆ. ಏಲಕ್ಕಿ, ಕಾಳುಮೆಣಸು, ವೀಳ್ಯದೆಲೆ, ಜರಿಗಿಡಗಳಿಗೆ ಬೇಕಾದದ್ದು ಇದೇ.

ಗೋಡೆಯ ನೆರಳು ಇನ್ನೊಂದು ಬಗೆ. ಅಲ್ಲಿ ಬಿಸಿಲು ಇರುವುದಿಲ್ಲ, ಆದರೆ ಮೇಲೆ ಆಕಾಶ ತೆರೆದೇ ಇರುತ್ತದೆ, ಬೆಳಕು ಸಾಕಷ್ಟು ಇಳಿಯುತ್ತದೆ. ಇದಕ್ಕೆ ‘ಮರೆ’ ಎಂಬ ಪದ ಒಪ್ಪುತ್ತದೆಂದು ನನ್ನ ಭಾವನೆ. ‘ಗೋಡೆ ಮರೆ’ ಎಂದು ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಿದ್ದುದುಂಟು. ಇಲ್ಲಿ ಒಂದು ಎಚ್ಚರಿಕೆ ಬೇಕು. ತಂಪು ದೇಶಗಳ ತೋಟಗಾರಿಕೆಯ ಪುಸ್ತಕಗಳನ್ನು ನೋಡಿ ಬರೆಯುವವರು ‘ಉತ್ತರದ ಗೋಡೆಯ ಬುಡದಲ್ಲಿ ಪೂರ್ಣ ನೆರಳು’ ಎಂದುಬಿಡುತ್ತಾರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಕೋಲು ನೆಟ್ಟು ನೋಡುವುದು ಇದನ್ನೇ. ಆ ಎರಡು ದಿನಗಳ ನಡುವಿನ ನಾಲ್ಕು ತಿಂಗಳು ಸೂರ್ಯ ಉತ್ತರದ ಕಡೆಗೇ ಇರುವುದರಿಂದ, ಡಿಸೆಂಬರಿನಲ್ಲಿ ಪಾಚಿ ಕಟ್ಟಿದ್ದ ಉತ್ತರದ ಮರೆಯಲ್ಲಿ ಮೇ ತಿಂಗಳಿನಲ್ಲಿ ಬಿಸಿಲು ಬೀಳುತ್ತದೆ. ಹಾಗಾಗಿ ‘ಪೂರ್ಣ ನೆರಳು’ ಎಂಬ ಮಾತನ್ನು ಮೆಟ್ಟಿಲ ಕೆಳಗಿನ ಜಾಗಕ್ಕೆ ಮಾತ್ರ ಉಳಿಸಿಕೊಳ್ಳಬೇಕೆಂದಿದ್ದೇನೆ.

ಕ್ರಿಯಾಪದದಲ್ಲಿಯೂ ಸಡಿಲತೆ ಇದೆ. ‘ಛಾಯಾಪ್ರಿಯ’ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವ ಬದಲು ಮೂರು ಮಾತುಗಳನ್ನು ಬೇರೆಬೇರೆಯಾಗಿ ಬಳಸಬಹುದೆಂದು ತೋರುತ್ತದೆ. ಏಲಕ್ಕಿ ನೆರಳನ್ನು ‘ಬೇಡುತ್ತದೆ’. ಒಂದೆಲಗ ನೆರಳಿಗೆ ‘ಒಗ್ಗುತ್ತದೆ’: ಬಿಸಿಲಿನಲ್ಲಿ ಉಗುರಿನಷ್ಟು ಎಲೆ ಬಿಟ್ಟು ನೆಲಕ್ಕೆ ಅಂಟಿಕೊಳ್ಳುವ ಅದೇ ಬಳ್ಳಿ, ನೀರಿನ ಪಸೆಯಿರುವ ನೆರಳಿನಲ್ಲಿ ತೊಟ್ಟನ್ನು ಉದ್ದ ಮಾಡಿಕೊಂಡು ತಂಬುಳಿಗೆ ಸಾಕಾಗುವಷ್ಟು ಅಗಲ ಎಲೆ ಕೊಡುತ್ತದೆ. ದಾಸವಾಳ ನೆರಳನ್ನು ‘ತಾಳುತ್ತದೆ’, ಅಷ್ಟೇ. ಸಾಯುವುದಿಲ್ಲ, ಆದರೆ ಬೆಳಕಿನ ಕಡೆಗೆ ಪೀಚಾಗಿ ವಾಲಿ, ಪೂಜೆಗೆ ಒಂದು ಹೂವನ್ನೂ ಸರಿಯಾಗಿ ಕೊಡುವುದಿಲ್ಲ. ಕೊಳ್ಳುವವನಿಗೆ ತಿಳಿಯಬೇಕಾದ ವ್ಯತ್ಯಾಸ ಇದೇ ಅಲ್ಲವೇ?

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಸೋಸಿ ಬರುವ ನೆರಳಿಗೆ ಕೊಡಗು, ಶಿರಸಿ, ತೀರ್ಥಹಳ್ಳಿ, ಕರಾವಳಿಗಳ ಅಡಿಕೆ ಮತ್ತು ಕಾಫಿ ತೋಟಗಳಲ್ಲಿ ಕೆಲಸ ಮಾಡುವವರ ಬಾಯಲ್ಲಿ ಈಗಾಗಲೇ ಪದವಿದ್ದರೆ ದಯವಿಟ್ಟು ತಿಳಿಸಬೇಕು. ಇದ್ದರೆ ನನ್ನ ‘ಜಾಳು ನೆರಳ’ನ್ನು ಸಂತೋಷದಿಂದ ಹಿಂತೆಗೆದುಕೊಳ್ಳುತ್ತೇನೆ. ಮಾವು, ಹುಣಸೆಗಳ ಬುಡದಲ್ಲಿ ಬೇರುಗಳು ನೀರನ್ನೆಲ್ಲ ಹೀರಿಕೊಂಡು, ನೆರಳಿದ್ದರೂ ಮಣ್ಣು ಒಣಗಿಯೇ ಇರುವ ಜಾಗವನ್ನು ‘ಒಣನೆರಳು’ ಎಂದು ಬರೆದರೆ ಓದುವವರಿಗೆ ಅರ್ಥವಾದೀತೇ, ಅಥವಾ ನೆರಳಿನಲ್ಲಿ ಒಣಗಿಸುವುದು ಎಂದು ತಿಳಿದಾರೇ ಎಂಬುದನ್ನೂ ಹೇಳಬೇಕು.